ಏನೂ ಮಾಡಲ್ಲ ಬನ್ನಿ

— ಮಾವ, ಭಾನುವಾರ ಬೆಳಿಗ್ಗೆ ಏನಾದ್ರೂ ಕೆಲಸ ಇದೆಯಾ? ಕೆಂಪೀನ ಕಬ್ಬನ್ ಪಾರ್ಕಿನ ಡಾಗ್ ಪಾರ್ಕಿಗೆ ಕರ್ಕೊಂಡು ಹೋಗ್ತಿದೀನಿ. ನೀವೂ ಬಂದ್ರೆ ಒಂದು ಧೈರ್ಯ.

— ಧೈರ್ಯ ಯಾರಿಗೆ, ನಿನಗೋ ಕೆಂಪಿಗೋ?

— ಇಬ್ಬರಿಗೂ. ನಮ್ಮ ಆಫೀಸಿನವರು ಸುಮಾರು ಜನ ಅವರವರ ನಾಯಿ ಕರ್ಕೊಂಡು ಬರ್ತಾರಂತೆ. ‘ಬಿಟ್ಟುಬಿಡು, ಅವವೇ ಹೊಂದ್ಕೊಳ್ತವೆ, ಯಾವುದೂ ಏನೂ ಮಾಡಲ್ಲ’ ಅಂದ್ರು.

— ಸರ್ವೀಸಿನಲ್ಲಿದ್ದಷ್ಟು ಕಾಲ ನಾನು ಅತಿ ಹೆಚ್ಚು ಕೇಳಿದ ಮಾತು ಅದೇ ಕಣೇ. ಗೇಟಿನ ಹೊರಗೆ ನಿಂತು ಹಿಂದೆ ಮುಂದೆ ನೋಡ್ತಿದ್ರೆ ಜಗಲಿ ಮೇಲಿಂದ ಕೂಗೋರು, ‘ಏನೂ ಮಾಡಲ್ಲ ಬನ್ನಿ ಡಾಕ್ಟ್ರೇ’ ಅಂತ. ಒಳಗೆ ಹೋಗಿ ಪ್ಯಾಂಟು ಹರಿಸ್ಕೊಂಡು ಬಂದದ್ದೂ ಉಂಟು. ಹಾಗಂತ ಅವರು ಸುಳ್ಳು ಹೇಳ್ತಿರಲಿಲ್ಲ. ಅವರಿಗೆ ಅದು ಏನೂ ಮಾಡಿರಲಿಲ್ಲ, ಅಷ್ಟೇ.

— ಅದು ಮನೆ ಕಾಯೋ ನಾಯಿ ಮಾವ. ಇದು ನಾಯಿಗಳು ಆಡೋಕೆ ಅಂತಲೇ ಮಾಡಿರೋ ಜಾಗ. ಸುತ್ತ ಬೇಲಿ ಇದೆ, ಗೇಟಿದೆ.

— ಬೇಲಿ ಇದೆ, ಸರಿ. ಯಾರನ್ನ ಯಾರಿಂದ ಕಾಪಾಡೋಕೆ ಅಂತ ಯೋಚನೆ ಮಾಡಿದೀಯಾ? ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ಓಲೋನಿ ಡಾಗ್ ಪಾರ್ಕ್ ಅಂತ ಒಂದು ಮಾಡಿದ್ರು. ಡಾಗ್ ಪಾರ್ಕುಗಳಲ್ಲಿ ಅದೇ ಮೊದಲನೆಯದು ಅಂತ ಹೆಸರು. ಆಮೇಲೆ ಲೋಕಕ್ಕೆಲ್ಲ ಹಬ್ಬಿತು. ನಮ್ಮ ಕಡೆ 2018ರಲ್ಲಿ ಹೈದರಾಬಾದಿನವರು ಕೊಂಡಾಪುರದಲ್ಲಿ ಒಂದೂಕಾಲು ಎಕರೆಗಿಂತ ಸ್ವಲ್ಪ ಜಾಸ್ತಿ ಜಾಗದಲ್ಲಿ ಮಾಡಿದ್ರು. ಬೆಂಗಳೂರಿಗೆ ಕಬ್ಬನ್ ಪಾರ್ಕಿನದು. ಎಲ್ಲ ಕಡೆ ಉದ್ದೇಶ ಒಂದೇ: ನಾಯಿ ಚೈನಿಲ್ಲದೆ ಓಡ್ಬೇಕು, ಆದರೆ ರಸ್ತೆಗೆ ಹೋಗಿ ಕಾರಿಗೆ ಸಿಗಬಾರದು, ವಾಕಿಂಗ್ ಬಂದ ಅಜ್ಜನ ಮೇಲೆ ಹಾರಬಾರದು. ಅಂದ್ರೆ ಬೇಲಿ ಕಾಪಾಡೋದು ರಸ್ತೆಯಿಂದ ನಾಯೀನ, ನಾಯಿಯಿಂದ ಹೊರಗಿನವರನ್ನ. ಒಳಗೆ ಒಂದು ನಾಯಿಗೂ ಇನ್ನೊಂದು ನಾಯಿಗೂ ಮಧ್ಯೆ ಯಾವ ಬೇಲಿನೂ ಇಲ್ಲ. ಅಲ್ಲಿರೋದು ಸಾಕಿದವರ ಕಣ್ಣು ಒಂದೇ. ಆ ಕಣ್ಣು ಮೊಬೈಲಿನ ಮೇಲಿರುತ್ತೆ.

— ನಿಮಗೆ ಎಲ್ಲದಕ್ಕೂ ಮೊಬೈಲೇ ಸಿಗೋದು ಬೈಯೋಕೆ.

— ಮೊಬೈಲ್ ಬೇಡ, ಕಾಫಿ ಅನ್ನು. ಬೇಲಿ ಇದೆ ಅಂತ ಗೊತ್ತಾದ ತಕ್ಷಣ ಜನ ‘ಇನ್ನು ನನ್ನ ಕೆಲಸ ಮುಗೀತು’ ಅಂದ್ಕೊಳ್ತಾರೆ. ಅಸಲಿಗೆ ಕೆಲಸ ಶುರುವಾಗೋದೇ ಚೈನು ಬಿಚ್ಚಿದ ಮೇಲೆ. ಅದಿರಲಿ, ಕೆಂಪಿಗೆ ಬೇರೆ ನಾಯಿ ಕಂಡ್ರೆ ಹೇಗೆ?

— ಹೆದರ್ತಾಳೆ. ನನ್ನ ಕಾಲಿನ ಹಿಂದೆ ಬಂದು ನಿಂತ್ಕೋತಾಳೆ. ಅದಕ್ಕೇ ಅಲ್ವಾ ಕರ್ಕೊಂಡು ಹೋಗೋದು, ಸೋಷಿಯಲೈಸ್ ಆಗ್ಲಿ ಅಂತ.

— ನೀನು ಚಿಕ್ಕವಳಿದ್ದಾಗ ಹೊಸಬರ ಮುಂದೆ ಬಾಯೇ ಬಿಡ್ತಿರಲಿಲ್ಲ. ಮಾತು ಕಲೀಲಿ ಅಂತ ನಿಮ್ಮಮ್ಮ ನಿನ್ನ ಯಾರದೋ ಮದುವೆ ಛತ್ರಕ್ಕೆ ತಂದು, ಊಟದ ಸಾಲಿನ ಮಧ್ಯೆ ಬಿಟ್ಟು ಹೋಗಿದ್ರೆ ಹೇಗಿರ್ತಿತ್ತು? ಬಂದವರೆಲ್ಲ ಕೆನ್ನೆ ಹಿಂಡೋರು. ಹೆದರೋ ನಾಯಿಗೆ ಡಾಗ್ ಪಾರ್ಕ್ ಅಂದ್ರೆ ಅದೇ. ನಾಯಿ ಲೋಕ ಕಲಿಯೋದು ಹುಟ್ಟಿದ ಮೂರನೇ ವಾರದಿಂದ ಹೆಚ್ಚೂಕಡಿಮೆ ಮೂರೂವರೆ ತಿಂಗಳ ಒಳಗೆ. ಆಗ ಕಂಡ ಮನುಷ್ಯರು, ಸದ್ದು, ಬೇರೆ ನಾಯಿಗಳು, ಆಟೋ, ಛತ್ರಿ, ಹೆಲ್ಮೆಟ್ಟು ಎಲ್ಲ ‘ಇವೂ ಇರೋವೇ’ ಅಂತ ಮನಸ್ಸಿನಲ್ಲಿ ಕೂತುಬಿಡ್ತವೆ. ಆ ಹೊತ್ತು ದಾಟಿದ ಮೇಲೆ ಕಂಡದ್ದನ್ನೆಲ್ಲ ಒಂದೊಂದಾಗಿ, ದೂರದಿಂದ, ನಿಧಾನಕ್ಕೆ ಪರಿಚಯ ಮಾಡಿಸ್ಬೇಕು. ಕೆಂಪಿ ನಿನ್ನ ಹತ್ರ ಬಂದಾಗ ಆಗಲೇ ದೊಡ್ಡವಳು. ಅವಳ ಆ ವಾರಗಳು ಯಾವ ಮೋರಿ ಪಕ್ಕ ಕಳೆದ್ವೋ, ಯಾರು ಕಲ್ಲು ಹೊಡೆದ್ರೋ.

— ಹಾಗಾದ್ರೆ ಮರಿ ಇರೋವಾಗಲೇ ಪಾರ್ಕಿಗೆ ತರಬೇಕು ಅಂತಾಯ್ತು.

— ಅಲ್ಲೇ ಇರೋದು ತೊಡಕು. ಲೋಕ ಕಲಿಯೋ ವಯಸ್ಸೂ ಇಂಜೆಕ್ಷನ್ ಪೂರ್ತಿ ಆಗದ ವಯಸ್ಸೂ ಒಂದೇ. ಆರೆಂಟು ವಾರಕ್ಕೆ ಶುರು ಮಾಡಿ ಮೂರ್ನಾಲ್ಕು ವಾರಕ್ಕೊಂದು ಅಂತ ಹಾಕೋ ಲಸಿಕೆ ಮುಗಿಯೋ ಹೊತ್ತಿಗೆ ಮರಿಗೆ ನಾಲ್ಕು ತಿಂಗಳು. ರೇಬೀಸಿಂದು ಮೂರು ತಿಂಗಳಿಗೆ. ಅದಕ್ಕೆ ಮುಂಚೆ ಸಾರ್ವಜನಿಕ ಜಾಗದ ಮಣ್ಣಿನ ಮೇಲೆ ಬಿಟ್ಟರೆ ಪಾರ್ವೊ ಕಾದಿರುತ್ತೆ. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಬಿಸಿಲಿಗೂ ಸುಲಭವಾಗಿ ಸಾಯಲ್ಲ, ಫಿನಾಯಿಲಿಗೂ ಸಾಯಲ್ಲ. ರಕ್ತಭೇದಿ ಶುರುವಾದ ಮರಿಗಳನ್ನ ಟವೆಲಿನಲ್ಲಿ ಸುತ್ತಿಕೊಂಡು ಬರೋರು. ಡ್ರಿಪ್ ಹಾಕಿ, ರಾತ್ರಿಯೆಲ್ಲ ಕೂತು... ಕೆಲವು ಉಳಿಯೋವು, ಕೆಲವು ಇಲ್ಲ.

— ಮತ್ತೆ ಏನು ಮಾಡೋದು, ಮರೀನ ಮನೇಲೇ ಕೂಡಿಹಾಕೋದಾ?

— ಎತ್ಕೊಂಡು ಓಡಾಡ್ಬೇಕು. ನೆಲಕ್ಕೆ ಬಿಡದೆ, ಕಂಕುಳಲ್ಲೋ ಬುಟ್ಟೀಲೋ ಇಟ್ಕೊಂಡು ಮಾರ್ಕೆಟ್ಟು ತೋರಿಸು, ಬಸ್ ಸ್ಟಾಪ್ ತೋರಿಸು, ಶಾಲೆ ಬಿಡೋ ಹೊತ್ತಿಗೆ ಗೇಟಿನ ಹತ್ರ ನಿಲ್ಲು. ಇಂಜೆಕ್ಷನ್ ಆಗಿರೋ ಗೊತ್ತಿರೋ ನಾಯಿ ಇದ್ರೆ ಅವರ ಮನೇಲಿ ಆಡಿಸು. ಹಾಗೆ ಬೆಳೆದ ಮರಿ ಆರು ತಿಂಗಳಿಗೆ ಪಾರ್ಕಿಗೆ ಬಂದ್ರೆ ತಾನೇ ಸಂಭಾಳಿಸ್ಕೊಳ್ಳುತ್ತೆ. ಜನ ಮಾಡೋದು ತಿರುಗುಮುರುಗು. ಮರೀನ ಬಾಲ್ಕನೀಲಿ ಇಟ್ಟು ಬೆಳೆಸ್ತಾರೆ, ಒಂದು ವರ್ಷ ಆದ್ಮೇಲೆ ಬೊಗಳ್ತಾನೆ ಅಂತ ಪಾರ್ಕಿಗೆ ತರ್ತಾರೆ.

— ನನ್ನ ಪಾರ್ಕಿನ ಆಸೆಗೆ ತಣ್ಣೀರು ಎರಚೋದಕ್ಕೆ ಅಂತಲೇ ಕೂತಿದೀರ.

— ಇಲ್ಲ ಕಣೇ. ಪಾರ್ಕು ಒಳ್ಳೇದೇ, ಹಿಡಿಸೋ ನಾಯಿಗೆ. ಕೆಲವು ನಾಯಿಗಳು ಗೇಟು ಕಂಡ್ರೇ ಸಾಕು, ಕಾರಲ್ಲೇ ಕುಂಯ್‌ಗುಡೋಕೆ ಶುರು ಮಾಡ್ತವೆ. ಅವಕ್ಕೆ ಅದು ಹಬ್ಬ. ಎಲ್ಲಕ್ಕೂ ಹಾಗಿರಬೇಕು ಅಂತ ಹಟ ಹಿಡಿಯೋದು ನಾವು. ಮೂರು ವರ್ಷ ದಾಟಿದ ಎಷ್ಟೋ ನಾಯಿಗಳಿಗೆ ಅಪರಿಚಿತ ನಾಯಿ ಬೇಕಾಗಿಯೇ ಇಲ್ಲ. ಅದೇನು ರೋಗವಲ್ಲ. ನಿನಗೆ ಮೆಟ್ರೋದಲ್ಲಿ ಪಕ್ಕದಲ್ಲಿ ಕೂತೋರ ಜೊತೆಗೆಲ್ಲ ಹರಟೆ ಹೊಡೆಯೋಕೆ ಇಷ್ಟವಾ?

— ಸರಿ, ಹಿಡಿಸುತ್ತೋ ಇಲ್ವೋ ಅಂತ ಗೊತ್ತು ಮಾಡ್ಕೊಳ್ಳೋಕಾದ್ರೂ ಒಂದು ಸಲ ಹೋಗ್ಬೇಕಲ್ಲ. ಹೋದ್ರೆ ಹೇಗೆ ಹೋಗ್ಬೇಕು, ಅದನ್ನ ಹೇಳಿ.

— ಮೊದಲು ಗೇಟು. ಜಗಳ ಹುಟ್ಟೋದು ಹೆಚ್ಚಾಗಿ ಅಲ್ಲೇ. ಹೊಸ ನಾಯಿ ಬಂತು ಅಂದ್ರೆ ಒಳಗಿರೋವೆಲ್ಲ ಓಡಿ ಬಂದು ಗೇಟಿಗೆ ಮುತ್ತಿಕೊಳ್ತವೆ. ಬರೋ ನಾಯಿ ಇನ್ನೂ ಚೈನಲ್ಲಿರುತ್ತೆ, ಹಿಂದಕ್ಕೆ ಹೋಗೋಕೆ ದಾರಿ ಇಲ್ಲ, ಮುಂದೆ ಐದಾರು ಮೂತಿ. ಅದಕ್ಕೇ ಒಳ್ಳೆ ಪಾರ್ಕಿಗೆ ಎರಡು ಗೇಟು ಇಡ್ತಾರೆ, ಮಧ್ಯೆ ಒಂದು ಸಣ್ಣ ಕೋಣೆಯಷ್ಟು ಜಾಗ. ಹೊರಗಿನ ಗೇಟು ಹಾಕಿ, ಅಲ್ಲಿ ಚೈನು ಬಿಚ್ಚಿ, ಒಳಗಿನವು ಚದುರೋವರೆಗೆ ಕಾದು, ಆಮೇಲೆ ಒಳಗಿನ ಗೇಟು. ಎರಡೂ ಒಟ್ಟಿಗೆ ತೆರೆದಿರಬಾರದು. ಗೇಟಿನಲ್ಲಿ ಜಂಗುಳಿ ಇದ್ರೆ ಒಂದು ಸುತ್ತು ಹೊರಗೇ ಹಾಕ್ಕೊಂಡು ಬಾ. ಯಾರೂ ನಿನಗೆ ಟೋಕನ್ ಕೊಟ್ಟಿಲ್ಲ.

— ಚೈನು ಬಿಚ್ಚಲೇಬೇಕಾ? ಹೆದರ್ತಾಳೆ ಅಂತ ಕೈಯಲ್ಲೇ ಹಿಡ್ಕೊಂಡಿದ್ರೆ?

— ಅದು ಇನ್ನೂ ಕೆಟ್ಟದ್ದು. ಉಳಿದವೆಲ್ಲ ಬಿಡುವಾಗಿದ್ದು ಇದೊಂದೇ ಕಟ್ಟಿದ್ರೆ, ತಪ್ಪಿಸ್ಕೊಳ್ಳೋಕೆ ಆಗಲ್ಲ ಅಂತ ಅದಕ್ಕೂ ಗೊತ್ತು. ಓಡೋಕೆ ಆಗದ ನಾಯಿ ಕಚ್ಚುತ್ತೆ. ಬಿಚ್ಚೋ ಧೈರ್ಯ ಇಲ್ಲದಿದ್ರೆ ಒಳಗೆ ಹೋಗಬೇಡ. ಇನ್ನೊಂದು, ಮುಳ್ಳಿನ ಬೆಲ್ಟು, ಕಬ್ಬಿಣದ ಚೋಕ್ ಚೈನು ಹಾಕಿರೋ ನಾಯಿ ಜೊತೆ ಆಡಿಸಬೇಡ. ಆಟದಲ್ಲಿ ಅವು ಒಂದರ ಕುತ್ತಿಗೆ ಒಂದು ಬಾಯಿ ಹಾಕ್ತವಲ್ಲ, ಆಗ ಕೆಳದವಡೆ ಇನ್ನೊಂದರ ಬೆಲ್ಟಿನೊಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ಬಿಡಿಸ್ಕೊಳ್ಳೋಕೆ ಇದು ಹೊರಳುತ್ತೆ, ಬೆಲ್ಟು ತಿರುಚ್ಕೊಳ್ಳುತ್ತೆ, ಅದಕ್ಕೆ ಉಸಿರು ಕಟ್ಟುತ್ತೆ. ನೋಡೋರು ಜಗಳ ಅಂದ್ಕೊಂಡು ಎಳೀತಾರೆ. ಎಳೆದಷ್ಟೂ ಬಿಗಿ. ಆಡೋ ಜಾಗದಲ್ಲಿ ಒಂದು ಹಗುರ ಬಟ್ಟೆ ಬೆಲ್ಟು, ಪಟ್ ಅಂತ ಬಿಚ್ಚಿಕೊಳ್ಳೋ ಬಕಲ್ಲಿಂದು, ಸಾಕು.

— ಬಾಲು, ಬಿಸ್ಕತ್ತು?

— ಎರಡೂ ಬೇಡ. ಮನೇಲಿ ನಿನ್ನ ಕೈಯಿಂದ ಬಾಲು ಕೊಡೋ ನಾಯಿನೇ ಅಲ್ಲಿ ಬಾಲಿನ ಮೇಲೆ ಕಾಲಿಟ್ಟು ನಿಂತು ಗುರ್ ಅನ್ನುತ್ತೆ. ಸಣ್ಣ ಮಕ್ಕಳೂ ಬೇಡ. ಮಕ್ಕಳು ಕಿರುಚ್ಕೊಂಡು ಓಡ್ತಾರೆ, ನಾಯಿ ಅಟ್ಟಿಸ್ಕೊಂಡು ಹೋಗುತ್ತೆ, ಆಮೇಲೆ ನಾಯಿಗೆ ಬೈಗುಳ. ಮತ್ತೆ ಬೆದೆಗೆ ಬಂದ ಹೆಣ್ಣನ್ನಂತೂ ಆ ಮೂರು ವಾರ ಆ ದಿಕ್ಕಿಗೇ ತರಬಾರದು. ಕೆಂಪಿಗೆ ಆಪರೇಷನ್ ಆಗಿದೆ, ನಿನಗೆ ಆ ಚಿಂತೆ ಇಲ್ಲ.

— ಒಳಗೆ ಹೋದ್ವಿ, ಚೈನು ಬಿಚ್ಚಿದ್ವಿ. ಆಡ್ತಿದಾರೋ ಜಗಳ ಆಡ್ತಿದಾರೋ ಅಂತ ಹೇಗೆ ಗೊತ್ತಾಗೋದು? ನನಗೆ ಎರಡೂ ಒಂದೇ ಥರ ಕಾಣುತ್ತೆ. ಹಲ್ಲು ಕಾಣ್ತಿರುತ್ತೆ, ಸದ್ದು ಬರ್ತಿರುತ್ತೆ.

— ಹಲ್ಲು, ಸದ್ದು ಬಿಟ್ಟುಬಿಡು. ಮೈ ನೋಡು. ಆಟದಲ್ಲಿ ಮೈ ಸಡಿಲ. ಮುಂಗಾಲು ನೆಲಕ್ಕೆ ಊರಿ, ಹಿಂಭಾಗ ಮೇಲೆತ್ತಿ ಕುಣಿಯುತ್ತಲ್ಲ, ಅದು ಆಟಕ್ಕೆ ಕರೆಯೋದು. ನೆಟ್ಟಗೆ ಓಡಲ್ಲ, ಬಳುಕಿ ಓಡುತ್ತೆ. ಮೇಲಿದ್ದದ್ದು ಕೆಳಗಾಗುತ್ತೆ, ಅಟ್ಟಿಸ್ಕೊಂಡು ಹೋದದ್ದೇ ಆಮೇಲೆ ಅಟ್ಟಿಸ್ಕೊಳ್ಳುತ್ತೆ. ನಡುನಡುವೆ ಎರಡೂ ನಿಂತು, ಮೈ ಒದರಿ, ಎತ್ತಲೋ ಮೂಸಿ, ಮತ್ತೆ ಶುರು ಮಾಡ್ತವೆ. ಭಯಪಡಬೇಕಾದ್ದು ಸದ್ದು ನಿಂತಾಗ. ಬಾಯಿ ಮುಚ್ಚಿದೆ, ಮೈ ಕಲ್ಲಾಗಿದೆ, ಬಾಲ ನೆಟ್ಟಗೆ ಮೇಲೆದ್ದು ತುದಿ ಮಾತ್ರ ನಡುಗ್ತಿದೆ, ಕಣ್ಣು ಒಂದೇ ಕಡೆ ನೆಟ್ಟಿದೆ. ಬಾಲ ಅಲ್ಲಾಡ್ತಿದೆ ಅಂತ ಖುಷಿ ಪಡೋರು ಇದನ್ನ ನೋಡಿರಲ್ಲ.

— ಒಂದು ಇನ್ನೊಂದರ ಮೇಲೆ ಪದೇ ಪದೇ ಬೀಳ್ತಿದೆ, ಅದರ ಯಜಮಾನ ‘ಆಟ ಆಡ್ತಿದಾನೆ ಅಷ್ಟೇ’ ಅಂತಾನೆ. ಆಗ?

— ಆಗ ಒಂದು ಪರೀಕ್ಷೆ ಇದೆ. ಮೇಲೆ ಬೀಳ್ತಿರೋ ನಾಯೀನ ಅರ್ಧ ನಿಮಿಷ ಬೆಲ್ಟು ಹಿಡಿದು ನಿಲ್ಲಿಸು ಅನ್ನು. ಕೆಳಗಿದ್ದದ್ದು ಏನು ಮಾಡುತ್ತೆ ನೋಡು. ಎದ್ದು, ಮೈ ಒದರಿ, ಮತ್ತೆ ಅದರ ಹತ್ರಕ್ಕೇ ಬಂದು ‘ಬಾರೋ’ ಅಂದ್ರೆ ಅದು ಆಟ, ಬಿಡು. ಸಿಕ್ಕಿದ್ದೇ ಸಂದು ಅಂತ ಬಾಲ ಮಡಚಿ ಬೆಂಚಿನಡಿ ಸೇರ್ಕೊಂಡ್ರೆ ಅದಕ್ಕೆ ಅದು ಆಟ ಆಗಿರಲಿಲ್ಲ. ಯಾರ ನಾಯಿ ಸರಿ ಯಾರದು ತಪ್ಪು ಅನ್ನೋ ವಾದವೇ ಬೇಕಾಗಲ್ಲ. ಕೇಳಬೇಕಾದ್ದು ಕೆಳಗಿರೋ ನಾಯೀನ, ಅದರ ಯಜಮಾನನ್ನೂ ಅಲ್ಲ, ಮೇಲಿರೋದರ ಯಜಮಾನನ್ನೂ ಅಲ್ಲ.

— ನಮ್ಮ ಟೀಮಿನವನೊಬ್ಬನ ಹತ್ರ ಮುಧೋಳ ನಾಯಿ ಇದೆ. ತುಂಬ ಸಾಧು ಅಂತಾನೆ.

— ಸಾಧುವೇ. ಮುಧೋಳದ ಕಡೆ ಕೆಲಸದಲ್ಲಿದ್ದಾಗ ಅವುಗಳ ಜೊತೆಗೇ ಇದ್ದೆ ನಾನು. ಮನೆಯವರ ಹತ್ರ ಬೆಕ್ಕಿಗಿಂತ ಮೆತ್ತಗೆ. ಅಪರಿಚಿತರು ಮುಟ್ಟಿದ್ರೆ ಆಗಲ್ಲ, ಅದು ಬೇರೆ. ಆದರೆ ಅದು ವಾಸನೆ ಹಿಡಿದು ಬೇಟೆ ಆಡೋ ಜಾತಿ ಅಲ್ಲ, ಕಣ್ಣಲ್ಲಿ ನೋಡಿ ಬೇಟೆ ಆಡೋದು. ದೂರದಲ್ಲಿ ಮೊಲ ಎದ್ದಿತು ಅಂದ್ರೆ ತಲೆ ಎತ್ತಿದ್ದು ಕಾಣುತ್ತೆ, ಹೊರಟಿದ್ದು ಕಾಣಲ್ಲ. ಈಗ ಪಾರ್ಕಿನಲ್ಲಿ ಒಂದು ಪುಟ್ಟ ಪೊಮೆರೇನಿಯನ್ ಕಿಂಯ್ ಅಂತ ಕಿರುಚ್ಕೊಂಡು ಓಡಿತು ಅನ್ನು. ಅಲ್ಲೀವರೆಗೆ ಅದು ಆಡ್ತಿದ್ದ ಗೆಳೆಯ. ಕಿರುಚಿ ಓಡಿದ ಕ್ಷಣಕ್ಕೆ ಇವನ ತಲೇಲಿ ಅದು ಮೊಲ. ಇದಕ್ಕೆ ದುಷ್ಟತನ ಬೇಕಾಗಿಲ್ಲ, ನೂರಾರು ವರ್ಷ ಅದಕ್ಕೆ ಅಂತಲೇ ಸಾಕಿದ್ದಾರೆ. ಅದಕ್ಕೇ ದೊಡ್ಡವಕ್ಕೂ ಚಿಕ್ಕವಕ್ಕೂ ಬೇರೆ ಬೇರೆ ಜಾಗ ಇರಬೇಕು. ಇಲ್ಲದ ಕಡೆ ಬೇರೆ ಬೇರೆ ಹೊತ್ತು. ಹತ್ತು ಕೆಜಿ ನಾಯಿಗೂ ಮೂವತ್ತು ಕೆಜಿ ನಾಯಿಗೂ ಸ್ನೇಹ ಇರಬಹುದು, ಆದರೆ ಒಂದು ತಪ್ಪು ಹೆಜ್ಜೆಗೆ ಚಿಕ್ಕದರ ಬೆನ್ನುಮೂಳೆ ಹೋಗುತ್ತೆ.

— ಪಗ್‌ಗಳ ಕಥೆ?

— ಪಾಪ, 2003ರಲ್ಲಿ ಆ ಹಚ್ ಜಾಹೀರಾತು ಬಂದದ್ದೇ ಬಂದದ್ದು, ಊರೆಲ್ಲ ಪಗ್. ಮೂಗಿಲ್ಲದ ಜಾತಿ, ಗೊರಗೊರ ಅಂತಲೇ ಉಸಿರಾಡೋದು. ಆ ಸದ್ದನ್ನ ಬೇರೆ ನಾಯಿಗಳು ಗುರುಗುಟ್ತಿದೆ ಅಂತ ತಪ್ಪು ತಿಳೀತವೆ. ಬೇಸಿಗೇಲಿ ಎಂಟು ಗಂಟೆ ಮೇಲೆ ಅದನ್ನ ಓಡಿಸಿದ್ರೆ ಕುಸಿದು ಬೀಳುತ್ತೆ. ಬಿದ್ರೆ ಮೈಮೇಲೆ ನೀರು ಸುರಿದು, ಗಾಳಿ ಬೀಸ್ತಾ ಆಸ್ಪತ್ರೆಗೆ ಓಡ್ಬೇಕು.

— ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ, ಅದಾದ್ರೂ ನಿಜವಾ?

— ಆ ಗಾದೆ ಮಾಡಿದವನಿಗೆ ಕಚ್ಚಿರಲಿಲ್ಲ ಅಂತ ಕಾಣುತ್ತೆ. ಬೊಗಳೋದೂ ಕಚ್ಚುತ್ತೆ. ಆದರೆ ಅದರಲ್ಲಿ ಒಂದು ಮಾತಿದೆ: ಗುರ್ ಅನ್ನೋ ನಾಯಿ ನಿನಗೆ ಹೊತ್ತು ಕೊಡ್ತಿದೆ. ದೂರ ಹೋಗು, ನನಗೆ ಆಗ್ತಿಲ್ಲ ಅಂತ ಹೇಳ್ತಿದೆ. ನಮ್ಮವರು ಏನು ಮಾಡ್ತಾರೆ? ನಾಲ್ಕು ಜನರ ಮುಂದೆ ಗುರ್ ಅಂದ್ರೆ ಅವಮಾನ ಅಂತ ಮೂತಿಗೆ ಒಂದು ಏಟು ಹಾಕ್ತಾರೆ. ಹತ್ತು ಸಲ ಏಟು ತಿಂದ ನಾಯಿ ಗುರ್ ಅನ್ನೋದನ್ನ ಬಿಡುತ್ತೆ, ಸಿಟ್ಟನ್ನ ಬಿಡಲ್ಲ. ಆಮೇಲೆ ಒಂದು ದಿನ ಸುಮ್ಮನೆ ಕಚ್ಚುತ್ತೆ. ‘ಏನೂ ಸೂಚನೇನೇ ಕೊಡಲಿಲ್ಲ ಡಾಕ್ಟ್ರೇ’ ಅಂತಾರೆ. ಕೊಟ್ಟಿತ್ತು, ನೀವು ಬಾಯಿ ಮುಚ್ಚಿಸಿದ್ರಿ. ಕೆಂಪಿ ಗುರ್ ಅಂದ್ರೆ ಬೈಬೇಡ. ಕರ್ಕೊಂಡು ದೂರ ಹೋಗು.

— ಇಷ್ಟೆಲ್ಲ ನೋಡ್ಕೊಂಡೂ ಜಗಳ ಆಗೇಬಿಡ್ತು ಅನ್ನಿ.

— ಕೈ ಹಾಕಬೇಡ. ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿ. ಬೆಲ್ಟು ಹಿಡಿಯೋಕೆ ಅಂತ ಮೂತಿ ಹತ್ರ ಕೈ ಹೋಗುತ್ತೆ ನೋಡು, ನಿನ್ನ ನಾಯಿನೇ ನಿನ್ನ ಕಚ್ಚೋದು ಆಗಲೇ. ಅದಕ್ಕೆ ಆ ಹೊತ್ತಿನಲ್ಲಿ ಯಾರ ಕೈ ಅಂತ ಗೊತ್ತಾಗಲ್ಲ. ಕಿರುಚಬೇಡ, ಒದೀಬೇಡ. ಬಕೆಟ್ ನೀರಿದ್ರೆ ಮುಖಕ್ಕೆ ಎರಚು. ನಿಲ್ಲದಿದ್ರೆ ಇಬ್ಬರು ಬೇಕು, ಒಂದೊಂದು ನಾಯಿಗೆ ಒಬ್ಬೊಬ್ಬರು. ಇಬ್ಬರೂ ಒಂದೇ ಹೊತ್ತಿಗೆ, ಹಿಂದಿನಿಂದ ಹೋಗಿ, ಹಿಂಗಾಲು ಎರಡನ್ನೂ ತೊಡೆ ಹತ್ರ ಹಿಡಿದು ಮೇಲೆತ್ತಿ, ಹಿಂದಕ್ಕೆ ನಡೀಬೇಕು. ನೇರಕ್ಕಲ್ಲ, ಸ್ವಲ್ಪ ಸುತ್ತು ಹಾಕಿದ ಹಾಗೆ. ಆಗ ಮುಂಗಾಲಲ್ಲಿ ಸಮತೋಲ ಹಿಡಿಯೋದರಲ್ಲೇ ಅದಕ್ಕೆ ಸಾಕಾಗುತ್ತೆ, ತಿರುಗಿ ಕಚ್ಚೋಕೆ ಆಗಲ್ಲ. ಒಂದು ಕಚ್ಚಿ ಹಿಡಿದೇ ಇದ್ರೆ ಮಾತ್ರ ಎಳೀಬೇಡಿ, ಎಳೆದ್ರೆ ಚರ್ಮ ಕಿತ್ತುಬರುತ್ತೆ. ಹಿಡಿತ ಸಡಿಲಾಗೋವರೆಗೆ ಎತ್ತಿ ಹಿಡಿದು ನಿಲ್ಲಿ. ಬಿಡಿಸಿದ ತಕ್ಷಣ ಚೈನು ಹಾಕಿ ಹೊರಗೆ.

— ರಕ್ತ ಬಂದಿಲ್ಲ ಅಂದ್ರೆ ಪರವಾಗಿಲ್ವಾ?

— ಕೋರೆಹಲ್ಲಿನ ಗಾಯ ಹೊರಗಿಂದ ನೋಡಿದ್ರೆ ಗುಂಡುಸೂಜಿ ಚುಚ್ಚಿದಷ್ಟು. ಒಳಗೆ ಚರ್ಮಕ್ಕೂ ಮಾಂಸಕ್ಕೂ ಮಧ್ಯೆ ಹರಿದಿರುತ್ತೆ. ರೋಮ ಮುಚ್ಚಿಕೊಂಡು ಮೂರನೇ ದಿನಕ್ಕೆ ಕೀವು. ಅವತ್ತೇ ಡಾಕ್ಟರಿಗೆ ತೋರಿಸ್ಬೇಕು. ಇನ್ನು ಮನುಷ್ಯನಿಗೆ ಕಚ್ಚಿದ್ರೆ, ಪರಚಿದ್ರೂ ಸರಿ, ಮೊದಲು ನಲ್ಲಿ. ಸೋಪು ಹಚ್ಚಿ ಹರಿಯೋ ನೀರಿನಲ್ಲಿ 15 ನಿಮಿಷ ತೊಳೀಬೇಕು. ಗಡಿಯಾರ ನೋಡ್ಕೊಂಡು ತೊಳಿ, ಎಷ್ಟು ದೀರ್ಘ ಅನ್ಸುತ್ತೆ ಅಂತ ಗೊತ್ತಾಗುತ್ತೆ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದೂ ಬೇಡ. ಆಮೇಲೆ ಆಸ್ಪತ್ರೆ.

— ನಾಯಿಗೆ ರೇಬೀಸ್ ಇಂಜೆಕ್ಷನ್ ಆಗಿದ್ರೂ?

— ಆಗಿದ್ರೂ. ಡಾಕ್ಟರು ನಿರ್ಧಾರ ಮಾಡ್ಲಿ, ಬೆಂಚ್ ಮೇಲೆ ಕೂತಿರೋರಲ್ಲ. ಮೊದಲ ದಿನವನ್ನ ಸೊನ್ನೆ ಅಂತ ಎಣಿಸಿ 3, 7, 28ನೇ ದಿನ ಚರ್ಮದೊಳಗೆ ಕೊಡ್ತಾರೆ. ಗಾಯ ಆಳ ಇದ್ರೆ ಗಾಯದ ಸುತ್ತಕ್ಕೇ ಇಮ್ಯುನೋಗ್ಲಾಬ್ಯುಲಿನ್ ಕೂಡ. ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲ. ಕಚ್ಚಿದ ನಾಯೀನ 10 ದಿನ ಕಣ್ಣಿಟ್ಟು ನೋಡ್ಬೇಕು. ನಮ್ಮ ತಲೆಮಾರಿನವರಿಗೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ನಿನ ಹೆದರಿಕೆ ಇನ್ನೂ ಹೋಗಿಲ್ಲ, ಅದಕ್ಕೇ ಮುಚ್ಚಿಡ್ತಾರೆ. ಆ ಹಳೇ ಲಸಿಕೆ ನಿಂತು ಎಷ್ಟೋ ವರ್ಷ ಆಯ್ತು. ರೇಬೀಸ್ ಲಕ್ಷಣ ಕಾಣಿಸ್ಕೊಂಡ್ರೆ ಉಳಿಯೋದು ಇಲ್ಲ ಅಂತಲೇ ಲೆಕ್ಕ. ಲಕ್ಷಣಕ್ಕೆ ಮುಂಚೆ ಆದ್ರೆ ತಡೆಯೋದು ಇಷ್ಟು ಸುಲಭ. ಈ ಎರಡರ ಮಧ್ಯೆ ಜನ ಸಾಯ್ತಾರಲ್ಲ, ಅದು ನನಗೆ ಅರಗದ ವಿಷಯ.

— ಪೊಲೀಸ್ ಕೇಸೂ ಆಗುತ್ತಂತೆ?

— ಆಗುತ್ತೆ. ಭಾರತೀಯ ನ್ಯಾಯ ಸಂಹಿತೆ 291ನೇ ಸೆಕ್ಷನ್. ನಿನ್ನ ಪ್ರಾಣಿಯಿಂದ ಜನಕ್ಕೆ ಅಪಾಯ ಆಗದ ಹಾಗೆ ನೋಡ್ಕೊಳ್ಳದೆ ಉದಾಸೀನ ಮಾಡಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹಳೇ ಐಪಿಸಿಯಲ್ಲಿ ದಂಡ 1,000 ಇತ್ತು. ನಾಯಿಯ ಜಾತಿ ಯಾವುದು ಅಂತ ಆ ಸೆಕ್ಷನ್ ಕೇಳಲ್ಲ, ಗಮನಿಸು.

— ಆದರೆ ಸರ್ಕಾರ ಜಾತಿ ಕೇಳಿತ್ತಲ್ಲ. ಪಿಟ್‌ಬುಲ್, ರಾಟ್‌ವೈಲರ್ ಎಲ್ಲ ಬ್ಯಾನ್ ಅಂತ ಬಂದಿತ್ತು.

— 2024ರ ಮಾರ್ಚಿನಲ್ಲಿ ಕೇಂದ್ರದಿಂದ ಒಂದು ಸುತ್ತೋಲೆ ಬಂತು, 23 ತಳಿ. ಏಪ್ರಿಲಿನಲ್ಲಿ ನಮ್ಮ ಹೈಕೋರ್ಟು ಅದನ್ನ ರದ್ದು ಮಾಡ್ತು, ಸಂಬಂಧಪಟ್ಟವರನ್ನ ಕೇಳದೆ ಮಾಡಿದ್ದು ಅಂತ. ರದ್ದಾದದ್ದು ಸರಿಯೇ. ಪಟ್ಟಿ ಮಾಡಿದ್ರೆ ಪಟ್ಟಿಯಲ್ಲಿಲ್ಲದ ನಾಯಿ ಸಾಕಿದವನು ನಿಶ್ಚಿಂತೆಯಿಂದ ಚೈನು ಬಿಚ್ಚುತ್ತಾನೆ. ಹಾಗಂತ ನಾನು ಇನ್ನೊಂದು ಪಕ್ಷದವನೂ ಅಲ್ಲ. ಎರಡು ಬೆಡ್‌ರೂಮ್ ಫ್ಲಾಟಿನಲ್ಲಿ, ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂಟಿಯಾಗಿ ಬಿಟ್ಟು, ಕೆಲಸದ ಹುಡುಗನ ಕೈಯಲ್ಲಿ ವಾಕಿಂಗ್ ಮಾಡಿಸೋಕೆ ಯಾರಾದ್ರೂ ರಾಟ್‌ವೈಲರ್ ತರ್ತಾರಾ? ತರ್ತಾರೆ. ಆ ನಾಯಿಗೆ ಕಚ್ಚೋಕಾಗುತ್ತೆ ಅನ್ನೋದಲ್ಲ ವ್ಯತ್ಯಾಸ, ಎಲ್ಲಕ್ಕೂ ಆಗುತ್ತೆ. ಅದು ಕಚ್ಚಿದ್ರೆ ಎಷ್ಟು ಆಳ ಅನ್ನೋದು ವ್ಯತ್ಯಾಸ. ಅದು ಗೊತ್ತಿರೋನು ಎರಡರಷ್ಟು ಜಾಗ್ರತೆ ಮಾಡ್ಬೇಕು.

— ಎಲ್ಲ ಸಾಕಿದವರ ತಲೆ ಮೇಲೇ ಹಾಕ್ತೀರ ನೀವು. ನಮ್ಮ ಕಷ್ಟ ಕೇಳಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನಲ್ಲಿ ನಾಯಿ ತರಬಾರದು ಅಂತ ನೋಟೀಸು. ಆರನೇ ಮಹಡಿ ನಮ್ಮದು. ಕೆಳಗೆ ಹೋದ್ರೆ ಲಾನ್ ಮುಟ್ಟಬಾರದು. ಗೇಟಿನಾಚೆ ಬೀದಿನಾಯಿಗಳು. 2023ರ ಲೆಕ್ಕದಲ್ಲಿ ಊರಲ್ಲಿ 2.79 ಲಕ್ಷ ಇದ್ವಂತೆ. ನಮ್ಮ ರಸ್ತೇಲಿ ಅದರಲ್ಲಿ ಅರ್ಧ ಇರಬೇಕು ಅನ್ಸುತ್ತೆ. ನಾನು ಚಿಕ್ಕವಳಿದ್ದಾಗ ನಿಮ್ಮ ಮನೆ ಪಕ್ಕ ಒಂದು ಖಾಲಿ ಮೈದಾನ ಇತ್ತಲ್ಲ, ಈಗ ಅಲ್ಲಿ ಮಾಲ್ ಇದೆ. ನಾಯಿ ಎಲ್ಲಿ ಓಡ್ಬೇಕು? ಇಷ್ಟು ದೊಡ್ಡ ಊರಿಗೆ ಬೇಲಿ ಹಾಕಿದ ಜಾಗ ಬೆರಳೆಣಿಕೆ. ಅಲ್ಲಿ ಜಂಗುಳಿ ಆಗೋದು ಸಾಕಿದವರ ತಪ್ಪಾ?

— ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನೀನು ಹೇಳ್ತಿರೋದು ಸರಿ. ಲಿಫ್ಟಿನ ವಿಷಯದಲ್ಲಿ ನಿನ್ನ ಸೆಕ್ರೆಟರಿಗೆ ಹೇಳು, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ, ಬಹುಮತದಿಂದ ಠರಾವು ಮಾಡಿದ್ರೂ ಸಂಘದವರು ಸಾಕುನಾಯಿ ನಿಷೇಧಿಸೋ ಹಾಗಿಲ್ಲ, ಲಿಫ್ಟಿಗೆ ಬರಬೇಡ ಅನ್ನೋ ಹಾಗಿಲ್ಲ ಅಂತ. ಆದರೆ ಆ ಕಾಗದ ಹಿಡ್ಕೊಂಡು ಜಗಳಕ್ಕೆ ನಿಲ್ಲೋಕೆ ಮುಂಚೆ, ಲಿಫ್ಟಿನಲ್ಲಿ ಹೆದರೋ ಮಗು ಇದ್ರೆ ‘ನೀವು ಹೋಗಿ, ನಾವು ಆಮೇಲೆ ಬರ್ತೀವಿ’ ಅನ್ನು. ಕಾನೂನು ನಿನ್ನ ಕಡೆ ಇದೆ ಅಂತ ಆ ಮಗುವಿನ ಭಯ ಹೋಗಲ್ಲ.

— ಅದನ್ನ ಮಾಡ್ತೀನಿ ನಾನು. ಚೀಲನೂ ಒಯ್ತೀನಿ, ಕಕ್ಕನೂ ಎತ್ತೀನಿ. ಯಾರೋ ಹತ್ತು ಜನ ಮಾಡದೆ ಇರೋದಕ್ಕೆ ನಾನು ಮುಖ ತಗ್ಗಿಸ್ಬೇಕು.

— ತಗ್ಗಿಸ್ಬೇಕಾಗುತ್ತೆ ಕಣೇ, ಅನ್ಯಾಯವೇ. 2022ರಲ್ಲಿ ತೋಟಗಾರಿಕೆ ಇಲಾಖೆ ಕಬ್ಬನ್ ಪಾರ್ಕಿಗೆ ಸಾಕುನಾಯಿ ತರೋದನ್ನೇ ನಿಲ್ಲಿಸೋಕೆ ಹೊರಟಿತ್ತು, ನೆನಪಿದೆಯಾ? ದೂರು ಏನಿತ್ತು? ಚೈನಿಲ್ಲದೆ ಬಿಡ್ತಾರೆ, ಗಲೀಜು ಎತ್ತಲ್ಲ. ಸಾಕಿದವರೆಲ್ಲ ಸೇರಿ ಗದ್ದಲ ಮಾಡಿದ್ಮೇಲೆ ಹಿಂದೆ ಸರಿದ್ರು. ಅದಕ್ಕೆ ಮುಂಚೆ 2018ರಲ್ಲಿ ಪಾಲಿಕೆಯ ನಿಯಮ: ಫ್ಲಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು. ಅದೂ ಗದ್ದಲವಾಗಿ ನಿಂತುಹೋಯ್ತು. ಎರಡು ಸಲ ಗೆದ್ರಿ. ಗೆದ್ದ ಮೇಲೆ ಎಷ್ಟು ಜನ ಚೀಲ ತರೋಕೆ ಶುರು ಮಾಡಿದ್ರು? ಜಾಗ ಕೊಡಿ ಅಂತ ಕೇಳೋರ ಸಂಖ್ಯೆ ಜಾಸ್ತಿ, ಕೊಟ್ಟ ಜಾಗ ಉಳಿಸ್ಕೊಳ್ಳೋರದ್ದು ಕಮ್ಮಿ. ಇನ್ನೊಂದು ದೂರು ಬಂದ್ರೆ ಇರೋ ಒಂದು ಬೇಲಿಗೂ ಬೀಗ ಬೀಳುತ್ತೆ.

— ಅಲ್ಲಿಗೆ ಹೋಗೋರೆಲ್ಲ ಹಾಗಲ್ಲ. ನನ್ನ ಗೆಳತಿ ಹೇಳ್ತಾಳೆ, ಊರಿಗೆ ಹೊಸಬಳಾಗಿ ಬಂದಾಗ ಅವಳಿಗೆ ಪರಿಚಯ ಆದ ಮೊದಲ ಜನ ಆ ಪಾರ್ಕಿನವರೇ ಅಂತ. ಅವಳಿಗೆ ಜ್ವರ ಬಂದಾಗ ನಾಯೀನ ವಾರ ಇಟ್ಕೊಂಡೋರೂ ಅವರೇ.

— ಅದನ್ನ ನಾನು ಅಲ್ಲಗಳೆಯಲ್ಲ. ಪಾರ್ಕು ನಾಯಿಗಿಂತ ಹೆಚ್ಚಾಗಿ ಸಾಕಿದವರಿಗೆ ಬೇಕು ಅಂತ ನನಗೂ ಅನ್ಸಿದೆ. ಅದರಲ್ಲಿ ತಪ್ಪೇನಿಲ್ಲ. ಹರಟೆ ಹೊಡೀರಿ, ನಿಂತ್ಕೊಂಡು, ನಾಯಿ ಕಡೆ ಮುಖ ಮಾಡಿ. ಬೆಂಚಿನ ಮೇಲೆ ಕೂತು ಅಲ್ಲ. ನೀನು ನಡೆದಾಡ್ತಿದ್ರೆ ನಾಯಿನೂ ನಿನ್ನ ಜೊತೆ ಜಾಗ ಬದಲಾಯಿಸ್ತಾ ಇರುತ್ತೆ, ಒಂದೇ ಕಡೆ ಗುಂಪು ಕಟ್ಟಲ್ಲ.

— ಮನೆಗೆ ಬಂದ ಮೇಲೆ?

— ಉಣ್ಣೆ ನೋಡು. ಕಿವಿ ಒಳಗೆ, ಕಂಕುಳಲ್ಲಿ, ಕಾಲ್ಬೆರಳ ಸಂದಿಯಲ್ಲಿ. ಬೆರಳು ಬಿಡಿಸಿ ನೋಡ್ಬೇಕು, ಮೇಲೆ ಕೈಯಾಡಿಸಿದ್ರೆ ಸಿಗಲ್ಲ. ಬೆಂಗಳೂರಿನಲ್ಲಿ ಟಿಕ್ ಫೀವರ್ ಕಾಡಿದಷ್ಟು ಬೇರೇನೂ ಕಾಡಲ್ಲ. ಎರಡು ದಿನ ಊಟ ಬಿಟ್ಟಳು, ತುಟಿ ಎತ್ತಿ ನೋಡಿದ್ರೆ ಒಸಡು ಬಿಳಿಚಿಕೊಂಡಿದೆ ಅಂದ್ರೆ ನನಗೆ ಫೋನ್ ಮಾಡಬೇಡ, ನೇರ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು.

— ಹಾಗಾದ್ರೆ ಏನು ಮಾಡ್ಲಿ ಈಗ? ಹೋಗ್ಲೋ ಬೇಡ್ವೋ?

— ನೀನು ಹೋಗು. ಕೆಂಪೀನ ಬಿಟ್ಟು ಹೋಗು. ಬೇಲಿ ಹೊರಗೆ ನಿಂತು ಒಂದು ಗಂಟೆ ನೋಡು. ಯಾವ ನಾಯಿ ಯಾರದು, ಯಾರು ಕರೆದ್ರೆ ಯಾವುದು ಬರುತ್ತೆ, ಯಾವುದು ಬರಲ್ಲ. ಕರೆದ್ರೆ ಬರದ ನಾಯಿ ಹೆಚ್ಚಿರೋ ಹೊತ್ತನ್ನ ಬರೆದಿಟ್ಕೊಂಡು ಆ ಹೊತ್ತಿಗೆ ಹೋಗಬೇಡ. ಇನ್ನೊಂದು ದಿನ ಅವಳನ್ನೂ ಕರ್ಕೊಂಡು ಹೋಗು, ಆದರೆ ದೂರ ನಿಂತು ಬೇಲಿಯೊಳಗಿನ ನಾಯಿಗಳನ್ನ ನೋಡೋಕೆ ಬಿಡು. ಬಿಸ್ಕತ್ತು ತಿನ್ನೋಕೆ ಮನಸ್ಸಿದೆ ಅಂದ್ರೆ ಹೆದರಿಕೆ ತಡೆಯೋವಷ್ಟೇ ಇದೆ ಅಂತ ಅರ್ಥ. ಬಾಯಿಗೆ ಕೊಟ್ಟದ್ದನ್ನ ಉಗುಳಿದ್ರೆ ಇನ್ನೂ ಹಿಂದಕ್ಕೆ ಹೋಗು. ಅವಳಾಗಿ ಬೇಲಿ ಕಡೆ ಎಳೆದ ದಿನ ಒಳಗೆ ಹೋಗೋ ಮಾತು. ಹೋದ ದಿನ ಹತ್ತೇ ನಿಮಿಷ. ಇನ್ನೂ ಚೆನ್ನಾಗಿ ಆಡ್ತಿದಾಳೆ ಅನ್ನೋವಾಗಲೇ ಕರ್ಕೊಂಡು ಹೊರಡು. ಸುಸ್ತಾದ ನಾಯಿ, ಸುಸ್ತಾದ ಜನ, ಆಗಲೇ ಎಲ್ಲ ಆಗೋದು.

— ಎಳೆಯಲೇ ಇಲ್ಲ ಅಂದ್ರೆ? ಯಾವತ್ತೂ?

— ಬಿಟ್ಟುಬಿಡು. ಹತ್ತು ಮೀಟರ್ ಹಗ್ಗ ಕೊಳ್ಳು, ನಿನ್ನ ರಸ್ತೆಯ ಕೊನೇಲಿ ಆ ಶಾಲೆ ಮೈದಾನ ಇದೆಯಲ್ಲ, ವಾಚ್‌ಮ್ಯಾನ್‌ನ ಕೇಳಿ ಅಲ್ಲಿ ಬಿಡು. ಓಡೋದಕ್ಕಿಂತ ಮೂಸೋದರಲ್ಲಿ ನಾಯಿಗೆ ಹೆಚ್ಚು ಕೆಲಸ ಇದೆ. ಒಂದು ಕಂಬಕ್ಕೆ ಐದು ನಿಮಿಷ ಅಂದ್ರೆ ಐದು ನಿಮಿಷ ನಿಲ್ಲು, ಎಳೀಬೇಡ. ಮುಕ್ಕಾಲು ಗಂಟೆ ಮೂಸಿ ಬಂದ್ರೆ ಮಧ್ಯಾಹ್ನದವರೆಗೆ ಮಲಗ್ತಾಳೆ. ಆದರೆ ಐದೂವರೆಗೆ ಏಳ್ಬೇಕು. ನಿನ್ನ ಕೈಲಿ ಆಗುತ್ತಾ, ಮೊದಲು ಅದನ್ನ ಹೇಳು.

— ಆರು?

— ಐದೂವರೆ. ಆರಕ್ಕೆ ಹಾಲಿನ ಗಾಡಿ, ಸ್ಕೂಲ್ ವ್ಯಾನು, ಬೀದಿನಾಯಿ ಎಲ್ಲ ಎದ್ದಿರ್ತವೆ.

— ಐದೂ ಮುಕ್ಕಾಲು. ಅದಕ್ಕಿಂತ ಮುಂಚೆ ಕೆಂಪಿನೂ ಏಳಲ್ಲ ಮಾವ.